ಒಂದೇ ಬಾಟಲಿ, ಹತ್ತು ಮಕ್ಕಳು

(ಮಾಟುಂಗದಲ್ಲಿ ಕನ್ನಡಿಗರ ಒಂದು ಸಣ್ಣ ಸಭೆಯಲ್ಲಿ, ಆಸ್ಪತ್ರೆಯ ಮಕ್ಕಳಿಗೆ ತಗುಲುವ ಹೆಪಟೈಟಿಸ್ ಬಿ ಬಗ್ಗೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಒಂದೆರಡನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ, ನರ್ಸ್. ಕುಮಟಾ ಕಡೆಯವಳು. ಮುಂಬಯಿಗೆ ಬಂದು ಮೂವತ್ತು ವರ್ಷ ದಾಟಿತು. ಅದರಲ್ಲಿ ಜಾಸ್ತಿ ವರ್ಷ ಮಕ್ಕಳ ಕ್ಯಾನ್ಸರ್ ಮತ್ತು ರಕ್ತದ ಕಾಯಿಲೆಯ ವಾರ್ಡುಗಳಲ್ಲೇ ಕಳೆದಿದ್ದೇನೆ. ಯಾವ ಔಷಧಿ, ಎಷ್ಟು ದಿನ ಅನ್ನುವುದು ನಿಮ್ಮ ಡಾಕ್ಟರು ಹೇಳಬೇಕಾದ್ದು. ಇಂಜೆಕ್ಷನ್ ಟ್ರೇ ಹಿಡಿದು ನಿಂತವಳಿಗೆ ಕಂಡದ್ದನ್ನು ಮಾತ್ರ ನಾನು ಹೇಳುತ್ತೇನೆ.

ಈ ವಿಷಯ ನಮಗ್ಯಾಕೆ ಅಂತ ಕೆಲವರಿಗೆ ಅನಿಸಿರಬಹುದು. ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಯಾದಗಿರಿ, ಕಲಬುರಗಿ ಕಡೆಯಿಂದ ಬಂದು ದಾದರಿನಲ್ಲಿ ಇಳಿಯುವವರನ್ನು ನೋಡಿ. ಕೈಯಲ್ಲಿ ಪ್ಲಾಸ್ಟಿಕ್ ಫೈಲು, ಚೀಲದಲ್ಲಿ ಜೋಳದ ರೊಟ್ಟಿ, ಹೆಗಲ ಮೇಲೆ ಮಾಸ್ಕ್ ಹಾಕಿದ ಮಗು. ಅವರು ಹೋಗುವುದು ಪರೇಲಕ್ಕೆ. ಟಾಟಾ ಮೆಮೋರಿಯಲ್, ಕೆಇಎಂ, ವಾಡಿಯಾ ಮಕ್ಕಳ ಆಸ್ಪತ್ರೆ ಎಲ್ಲ ಅಲ್ಲೇ, ನಡೆದುಹೋಗುವ ದೂರದಲ್ಲಿವೆ. ಕೆಲವರಿಗೆ ದಾದರಿನ ಗಾಡಗೆ ಮಹಾರಾಜ್ ಧರ್ಮಶಾಲೆಯಲ್ಲಿ ಜಾಗ ಸಿಗುತ್ತದೆ. ಸಿಗದವರು ಹಿಂದ್‌ಮಾತಾ ಫ್ಲೈಓವರ್ ಕೆಳಗೆ ಮಲಗುತ್ತಾರೆ. ಊಟ, ರಕ್ತ, ಭಾಷೆ ಅಂತ ಅವರು ಕೊನೆಗೆ ನಮ್ಮನ್ನೇ ಹುಡುಕಿಕೊಂಡು ಬರುತ್ತಾರೆ, ಅಲ್ವಾ?

ಅವರ ಮಗುವಿಗೆ ಲ್ಯುಕೇಮಿಯಾ ಅನ್ನುವ ರಕ್ತದ ಕ್ಯಾನ್ಸರ್ ಇರುತ್ತದೆ, ಇಲ್ಲವೇ ಮೇಲಿಂದ ಮೇಲೆ ರಕ್ತ ಹಾಕಿಸಬೇಕಾಗುವ ಥಲಸ್ಸೀಮಿಯಾ, ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ. ಅದರ ಭಯವೇ ಬೆಟ್ಟದಷ್ಟು. ಇದರ ನಡುವೆ ಹೆಪಟೈಟಿಸ್ ಬಿ ಅನ್ನುವ ಲಿವರ್ ವೈರಸ್ ಸದ್ದಿಲ್ಲದೆ ಒಳಗೆ ಬಂದು ಕೂರಬಹುದು. ನಾನು ಮಾತಾಡಲು ಬಂದದ್ದು ಅದರ ಬಗ್ಗೆ.

ಈ ವೈರಸ್ಸಿಗೂ ರಕ್ತದ ಕಾಯಿಲೆಗಳಿಗೂ, ವೈರಸ್ ಪತ್ತೆಯಾದಾಗಿನಿಂದಲೇ ನಂಟು. 1960ರ ದಶಕದಲ್ಲಿ ಬರೂಕ್ ಬ್ಲಂಬರ್ಗ್ ಎಂಬ ಅಮೆರಿಕದ ವಿಜ್ಞಾನಿ ಬೇರೆ ಬೇರೆ ದೇಶದವರ ರಕ್ತ ಸಂಗ್ರಹಿಸಿ ಪರೀಕ್ಷೆ ಮಾಡುತ್ತಿದ್ದರು. ನ್ಯೂಯಾರ್ಕಿನಲ್ಲಿ ಒಬ್ಬ ಹಿಮೋಫಿಲಿಯಾ ರೋಗಿ ಇದ್ದ. ಎಷ್ಟೋ ಸಲ ರಕ್ತ ಹಾಕಿಸಿಕೊಂಡವನು. ಆಸ್ಟ್ರೇಲಿಯಾದ ಒಬ್ಬ ಮೂಲನಿವಾಸಿಯ ರಕ್ತದಲ್ಲಿದ್ದ ಏನೋ ಒಂದರ ಜೊತೆ ಅವನ ರಕ್ತ ಪ್ರತಿಕ್ರಿಯೆ ತೋರಿಸಿತು. ಅದಕ್ಕೆ ಆಸ್ಟ್ರೇಲಿಯಾ ಆಂಟಿಜೆನ್ ಅಂತ ಹೆಸರಿಟ್ಟರು. ಆಮೇಲೆ ನೋಡಿದರೆ ಲ್ಯುಕೇಮಿಯಾ ರೋಗಿಗಳಲ್ಲಿ ಅದು ಮತ್ತೆ ಮತ್ತೆ ಕಾಣುತ್ತಿತ್ತು. ಇದು ಲ್ಯುಕೇಮಿಯಾದ್ದೇ ಗುರುತು ಇರಬಹುದಾ ಅಂತ ಅನುಮಾನ ಬಂತು. 1965ರಲ್ಲಿ ಪ್ರಕಟವಾದ ಅವರ ಲೇಖನದ ತಲೆಬರಹದಲ್ಲೇ ಲ್ಯುಕೇಮಿಯಾ ಇದೆ. ನಿಜ ಸಂಗತಿ ಬೇರೆಯೇ ಇತ್ತು. ಆ ರೋಗಿಗಳಿಗೆ ಮೇಲಿಂದ ಮೇಲೆ ರಕ್ತ ಹಾಕುತ್ತಿದ್ದರು, ರಕ್ತದ ಜೊತೆ ಹೆಪಟೈಟಿಸ್ ಬಿ ಹೋಗುತ್ತಿತ್ತು. ಆಸ್ಪತ್ರೆಯಿಂದ ಬಂದದ್ದನ್ನು ಕಾಯಿಲೆಯ ಗುರುತು ಅಂದುಕೊಂಡಿದ್ದರು. ಬ್ಲಂಬರ್ಗ್ ಅವರಿಗೆ 1976ರಲ್ಲಿ ನೊಬೆಲ್ ಬಂತು. ಜುಲೈ 28ಕ್ಕೆ ವಿಶ್ವ ಹೆಪಟೈಟಿಸ್ ದಿನ ಆಚರಿಸುತ್ತೇವಲ್ಲ, ಅದು ಅವರು ಹುಟ್ಟಿದ ದಿನ.

ಇವತ್ತು ರಕ್ತದ ಪ್ರತಿ ಬ್ಯಾಗನ್ನೂ ಹೆಪಟೈಟಿಸ್ ಬಿ, ಸಿ, ಎಚ್‌ಐವಿ, ಸಿಫಿಲಿಸ್, ಮಲೇರಿಯಾಕ್ಕೆ ಪರೀಕ್ಷೆ ಮಾಡಲೇಬೇಕು. ದುಡ್ಡಿಗೆ ರಕ್ತ ಮಾರುವುದಕ್ಕೆ 1998ರ ಜನವರಿ 1ರಿಂದ ನಿಷೇಧ ಇದೆ. ಹಾಗಾದರೆ ಇನ್ನೇನು ಭಯ ಅಂತೀರಾ? ಎರಡು ಕಡೆ ತೂತು ಉಳಿದಿದೆ. ಒಂದು ರಕ್ತದ ಬ್ಯಾಗಿನಲ್ಲಿ, ಅದಕ್ಕೆ ಆಮೇಲೆ ಬರುತ್ತೇನೆ. ಇನ್ನೊಂದು ನಮ್ಮ ಕೈಯಲ್ಲಿ. ನನ್ನ ಕೈಯಲ್ಲಿ ಅಂತಲೇ ಅನ್ನಿ.

1990ರ ದಶಕ. ನಾನು ಆಗ ಇದ್ದ ಆಸ್ಪತ್ರೆಯ ಹೆಸರು ಬೇಡ. ವಾರ್ಡಿನಲ್ಲಿ ಇಪ್ಪತ್ತು ಹಾಸಿಗೆ, ರಾತ್ರಿ ಪಾಳಿಗೆ ಇಬ್ಬರು ನರ್ಸು. ಕೀಮೋ, ಅಂದರೆ ಕ್ಯಾನ್ಸರ್ ಔಷಧಿ, ನಡೆಯುತ್ತಿರುವ ಮಕ್ಕಳ ಕೈಯಲ್ಲಿ ಕ್ಯಾನುಲಾ ಇರುತ್ತದೆ, ರಕ್ತನಾಳದೊಳಗೆ ಇಟ್ಟ ಸಣ್ಣ ನಳಿಗೆ. ಅದು ಕಟ್ಟಿಕೊಳ್ಳದ ಹಾಗೆ ಆಗಾಗ ಒಂದಿಷ್ಟು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಬೆರೆಸಿದ ಸಲೈನ್ ಬಿಡಬೇಕು. ಅದಕ್ಕೆ ನಾವು ಫ್ಲಶ್ ಅನ್ನುತ್ತೇವೆ. ಬೆಳಿಗ್ಗೆ ಒಂದು ಸಲೈನ್ ಬಾಟಲಿಗೆ ಹೆಪಾರಿನ್ ಹಾಕಿ ಟ್ರೇಯಲ್ಲಿ ಇಡುತ್ತಿದ್ದೆವು. ಅದರ ರಬ್ಬರ್ ಮುಚ್ಚಳಕ್ಕೆ ಒಂದು ಸೂಜಿ ಚುಚ್ಚಿಯೇ ಬಿಡುತ್ತಿದ್ದೆವು. ಪ್ರತಿ ಸಲ ಚುಚ್ಚುವ ಕೆಲಸ ಉಳಿಯಲಿ ಅಂತ. ಇಡೀ ವಾರ್ಡಿಗೆ ಅದೊಂದೇ ಬಾಟಲಿ, ದಿನವೆಲ್ಲ.

ಈಗ ಗಮನ ಕೊಟ್ಟು ಕೇಳಿ. ಒಂದು ಮಗುವಿನ ಕ್ಯಾನುಲಾಕ್ಕೆ ಸಿರಿಂಜ್ ಹಚ್ಚಿದೆ. ಲೈನ್ ಸರಿ ಇದೆಯಾ ನೋಡಲು ಸ್ವಲ್ಪ ಹಿಂದಕ್ಕೆ ಎಳೆದೆ. ಸಿರಿಂಜಿನ ತುದಿಯಲ್ಲಿ ಕೆಂಪು ಎಳೆಯೊಂದು ಕಂಡಿತು, ಕುಂಕುಮದ ನೀರಿನ ಹಾಗೆ. ಸರಿ ಇದೆ ಅಂತ ಫ್ಲಶ್ ಬಿಟ್ಟೆ. ಸಾಕಾಗಲಿಲ್ಲ, ಇನ್ನೊಂದು ಮಿಲಿಲೀಟರ್ ಬೇಕು. ಅದೇ ಸಿರಿಂಜನ್ನು ಒಯ್ದು ಬಾಟಲಿಯ ಸೂಜಿಗೆ ಹಚ್ಚಿ ಎಳೆದುಕೊಂಡೆ. ಮುಗಿಯಿತು. ಆ ಬಾಟಲಿ ಈಗ ಹತ್ತು ಮಕ್ಕಳ ರಕ್ತ ಸೇರುವ ಜಾಗ. ಕಣ್ಣಿಗೆ ನೋಡಿದರೆ ತಿಳಿನೀರು.

ಸೂಜಿ ಬದಲಾಯಿಸುತ್ತಿದ್ದೆವಲ್ಲ ಅಂತ ನಾವೂ ಸಮಾಧಾನ ಮಾಡಿಕೊಂಡಿದ್ದೆವು. ಸೂಜಿ ಬದಲಾಯಿಸಿ ಸಿರಿಂಜ್ ಉಳಿಸಿಕೊಂಡರೆ ಏನೂ ಬದಲಾಯಿಸಿದ ಹಾಗಲ್ಲ. ರಕ್ತ ಸಿರಿಂಜಿನ ಒಳಕ್ಕೇ ಬಂದಿರುತ್ತದೆ. ಈ ವೈರಸ್ ಜಾಸ್ತಿ ಇರುವ ಮಗುವಿನ ಒಂದು ಮಿಲಿಲೀಟರ್ ರಕ್ತದಲ್ಲಿ ಅದು ಕೋಟಿಗಟ್ಟಲೆ ಇರುತ್ತದೆ. ಒಣಗಿದ ಕಲೆಯಲ್ಲೂ ಕನಿಷ್ಠ 7 ದಿನ ಬದುಕಿರುತ್ತದೆ. ನರ್ಸುಗಳಿಗೆ ಕಲಿಸುವ ಒಂದು ಲೆಕ್ಕ ಇದೆ. ಸೋಂಕಿನ ಸೂಜಿ ಚುಚ್ಚಿಕೊಂಡರೆ ಎಚ್‌ಐವಿ ಬರುವುದು ಸಾವಿರಕ್ಕೆ ಸುಮಾರು 3 ಸಲ. ಹೆಪಟೈಟಿಸ್ ಸಿ ನೂರಕ್ಕೆ ಸುಮಾರು 3. ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ಬರುವುದು ನೂರಕ್ಕೆ 30ರವರೆಗೂ. ಜನ ಹೆದರುವುದು ಮಾತ್ರ ಎಚ್‌ಐವಿಗೆ!

ಆ ವಾರ್ಡಿನಲ್ಲಿ ಒಂದರ ಹಿಂದೆ ಒಂದು ಮಗುವಿನ ರಿಪೋರ್ಟ್ ಪಾಸಿಟಿವ್ ಬರತೊಡಗಿತು. ಎಲ್ಲರೂ ಬ್ಲಡ್ ಬ್ಯಾಂಕಿನ ಕಡೆ ಬೆರಳು ತೋರಿಸಿದರು. ನಾನೂ ತೋರಿಸಿದೆ. ಒಬ್ಬ ಹಿರಿಯ ಸಿಸ್ಟರ್ ಮಾತ್ರ ಸುಮ್ನೆ ಒಂದು ಮಧ್ಯಾಹ್ನ ಸ್ಟೂಲ್ ಹಾಕಿಕೊಂಡು ಟ್ರೇಯ ಎದುರು ಕೂತರು. ಸಂಜೆ ಆ ಬಾಟಲಿ ತೆಗೆದು ಕಸದ ಡಬ್ಬಿಗೆ ಹಾಕಿದರು. ಯಾರನ್ನೂ ಬೈಯಲಿಲ್ಲ. ನಾನು ಅವತ್ತು ಮನೆಗೆ ಹೋಗಿ ಊಟ ಮಾಡಲಿಲ್ಲ. ಯಾವ ಮಗುವಿಗೆ ನನ್ನ ಕೈಯಿಂದ ಹೋಯಿತು ಅಂತ ಹೇಳಲು ಆಗುವುದಿಲ್ಲ. ಹೋಗಿಲ್ಲ ಅಂತಲೂ ಹೇಳಲು ಆಗುವುದಿಲ್ಲ.

ಈಗ ಕಾಲ ಬದಲಾಗಿದೆ. ಒಂದೇ ಸಲ ಬಳಸುವ ಸಿರಿಂಜ್, ಮೊದಲೇ ತುಂಬಿಸಿ ಬರುವ ಫ್ಲಶ್ ಎಲ್ಲ ಇವೆ. ಆದರೆ ಮಕ್ಕಳು ಚಿಕಿತ್ಸೆಯ ಇಡೀ ಎರಡು-ಮೂರು ವರ್ಷ ದೊಡ್ಡ ಆಸ್ಪತ್ರೆಯಲ್ಲೇ ಇರುವುದಿಲ್ಲ. ನಡುವೆ ಊರಿಗೆ ಹೋಗುತ್ತಾರೆ. ಅಲ್ಲಿ ಜ್ವರ ಬಂದರೆ ಬಸ್ ಸ್ಟ್ಯಾಂಡ್ ಪಕ್ಕದ ದವಾಖಾನೆಯಲ್ಲಿ ಒಂದು ಇಂಜೆಕ್ಷನ್. 2009ರ ಶುರುವಿನಲ್ಲಿ ಗುಜರಾತಿನ ಮೊಡಾಸಾದಲ್ಲಿ ಏನಾಯಿತು ನೆನಪಿದೆಯಾ? ಬಳಸಿದ ಸಿರಿಂಜನ್ನೇ ಮತ್ತೆ ಬಳಸಿ ನಾನೂರಕ್ಕೂ ಹೆಚ್ಚು ಜನರಿಗೆ ಹೆಪಟೈಟಿಸ್ ಬಿ ಹಬ್ಬಿತು. ಹತ್ತಾರು ಜನ ಸತ್ತರು. ಅವರು ಸಾಮಾನ್ಯ ಜನ. ಕೀಮೋ ನಡೆಯುತ್ತಿರುವ ಮಗುವಿನ ಗತಿ ಏನು?

ಇಲ್ಲೊಂದು ವಿಚಿತ್ರ ಇದೆ. ಕೀಮೋ ಮಗುವಿಗೆ ಈ ಸೋಂಕು ತಗುಲಿದರೆ ಬಹಳ ಸಲ ಕಾಮಾಲೆಯೇ ಆಗುವುದಿಲ್ಲ. ಕಣ್ಣು ಹಳದಿ ಇಲ್ಲ, ವಾಂತಿ ಇಲ್ಲ. ಯಾಕೆಂದರೆ ಈ ವೈರಸ್ ತಾನಾಗಿ ಲಿವರನ್ನು ಹೆಚ್ಚು ಹಾಳು ಮಾಡುವುದಿಲ್ಲ. ವೈರಸ್ ಇರುವ ಲಿವರ್ ಕಣಗಳ ಮೇಲೆ ನಮ್ಮ ದೇಹದ ಕಾವಲು ಪಡೆ ಬೀಳುತ್ತದಲ್ಲ, ಲಿವರ್ ಸುಡುವುದು ಆಗ. ಕೀಮೋದಲ್ಲಿ ಆ ಪಡೆಯೇ ಮಲಗಿರುತ್ತದೆ. ವೈರಸ್ಸಿಗೆ ಹಬ್ಬ. ಚಿಕಿತ್ಸೆ ಮುಗಿದು ಪಡೆ ಎದ್ದು ನಿಂತಾಗ ಯುದ್ಧ ಶುರು.

ಇಂಡಿ ತಾಲ್ಲೂಕಿನ ಒಬ್ಬ ಹುಡುಗ ಇದ್ದ. ಊರು ಬಿಟ್ಟು ಉಳಿದದ್ದನ್ನೆಲ್ಲ ಸ್ವಲ್ಪ ಬದಲಿಸಿ ಹೇಳುತ್ತಿದ್ದೇನೆ. ಲ್ಯುಕೇಮಿಯಾ ಚಿಕಿತ್ಸೆ ಮುಗಿಯಿತು. ಅಪ್ಪ ವಾರ್ಡಿಗೆಲ್ಲ ಪೇಡಾ ಹಂಚಿದ. ಹುಡುಗನ ತಲೆಯಲ್ಲಿ ಕೂದಲು ಬಂದಿತ್ತು, ಅದಕ್ಕೆ ಎಣ್ಣೆ ಹಚ್ಚಿ ಬೈತಲೆ ತೆಗೆದಿದ್ದರು. ಎರಡು ತಿಂಗಳ ಮೇಲೆ ತಪಾಸಣೆಗೆ ಬಂದಾಗ ಕಣ್ಣು ಅರಿಶಿನದ ಹಾಗೆ ಹಳದಿ. ಕ್ಯಾನ್ಸರ್ ತಿರುಗಿ ಬಂತು ಅಂತ ತಾಯಿ ಕುಸಿದು ಕೂತಳು. ಬಂದದ್ದು ಕ್ಯಾನ್ಸರ್ ಆಗಿರಲಿಲ್ಲ. ಹುಡುಗ ಔಷಧಿಯಲ್ಲಿ ಉಳಿದ. ಎಲ್ಲರೂ ಉಳಿಯುವುದಿಲ್ಲ.

ಹಳೆಯ ಸೋಂಕು ಬೂದಿ ಮುಚ್ಚಿದ ಕೆಂಡದ ಹಾಗೆ. ವಾಸಿಯಾಯಿತು ಅಂದ ಮೇಲೂ ವೈರಸ್ಸಿನ ಡಿಎನ್‌ಎ ಲಿವರ್ ಕಣದ ಒಳಗೆ ಉಳಿದಿರುತ್ತದೆ. ಸ್ಟೆರಾಯ್ಡ್, ಕೀಮೋ, ಬೋನ್ ಮ್ಯಾರೋ ಕಸಿ, ಮುಖ್ಯವಾಗಿ ರಿಟುಕ್ಸಿಮ್ಯಾಬ್ ಎಂಬ ಔಷಧಿ ಆ ಬೂದಿಯನ್ನು ಊದಿಬಿಡಬಲ್ಲವು. ಅಂಥ ಅಪಾಯ ಇರುವವರಿಗೆ ವೈರಸ್ಸನ್ನು ಹತ್ತಿಕ್ಕುವ ಎಂಟೆಕಾವಿರ್ ಅಥವಾ ಟೆನೊಫೊವಿರ್ ಮಾತ್ರೆ ಮೊದಲೇ ಶುರು ಮಾಡುತ್ತಾರೆ. ಕೀಮೋ ಮುಗಿದ ಮೇಲೂ ತಿಂಗಳುಗಟ್ಟಲೆ ಮುಂದುವರಿಸುತ್ತಾರೆ. ಕೀಮೋ ಮುಗಿಯಿತಲ್ಲ, ಇದ್ಯಾಕೆ ಅಂತ ಅಪ್ಪಂದಿರೇ ನಿಲ್ಲಿಸಿದ್ದನ್ನು ನೋಡಿದ್ದೇನೆ. ಹಾಗೆ ಮಾಡಬೇಡಿ ಅಂತ ನಿಮಗೆ ಗೊತ್ತಿರುವವರಿಗೆಲ್ಲ ಹೇಳಿ.

ಇನ್ನೊಂದು ತೊಡಕು. ಲ್ಯುಕೇಮಿಯಾ ಮಕ್ಕಳಿಗೆ ಮನೆಯಲ್ಲಿ ಕೊಡುವ ಮೆಥೊಟ್ರೆಕ್ಸೇಟ್, ಮರ್ಕ್ಯಾಪ್ಟೊಪ್ಯೂರಿನ್ ಮಾತ್ರೆಗಳೂ, ಲಿವರಿಗೆ ಪೆಟ್ಟಾದಾಗ ರಕ್ತದಲ್ಲಿ ಹೆಚ್ಚುವ ಲಿವರ್ ಎನ್‌ಜೈಮ್ ಏರಿಸುತ್ತವೆ. ಏರಿದ್ದು ಔಷಧಿಯಿಂದಲೋ ವೈರಸ್ಸಿನಿಂದಲೋ? ಅದು ಗೊತ್ತಾಗುವವರೆಗೆ ಕೀಮೋ ನಿಲ್ಲಬಹುದು. ಕೀಮೋ ನಿಂತರೆ ಲ್ಯುಕೇಮಿಯಾಕ್ಕೆ ಅವಕಾಶ. ವೈರಸ್ ಹೀಗೂ ಹೊಡೆಯುತ್ತದೆ.

ಪರೀಕ್ಷೆಗಳ ಹೆಸರು ಕೇಳಿದರೆ ತಲೆ ತಿರುಗುತ್ತದೆ. ನಾನು ತಾಯಂದಿರಿಗೆ ಹೇಳುವುದು ಹೀಗೆ: ಎಚ್‌ಬಿಎಸ್‌ಎಜಿ ಅಂದರೆ ಕಳ್ಳ ಈಗ ಮನೆಯಲ್ಲಿದ್ದಾನಾ. ಆಂಟಿ-ಎಚ್‌ಬಿಸಿ ಅಂದರೆ ಯಾವಾಗಲಾದರೂ ಬಂದು ಹೋಗಿದ್ದನಾ. ಆಂಟಿ-ಎಚ್‌ಬಿಎಸ್ ಅಂದರೆ ಬಾಗಿಲಲ್ಲಿ ಕಾವಲುಗಾರ ಇದ್ದಾನಾ. ರಿಪೋರ್ಟಿನಲ್ಲಿ ಕಾವಲಿನ ಅಂಕಿ 10ಕ್ಕಿಂತ ಕಡಿಮೆ ಇದ್ದರೆ ಇಲ್ಲ ಅಂತಲೇ ಲೆಕ್ಕ. ಈ ಮೂರಕ್ಕೂ ರಕ್ತ ತೆಗೆಯಬೇಕಾದ್ದು ಮೊದಲ ಬ್ಯಾಗ್ ರಕ್ತ ಹಾಕುವ ಮುಂಚೆ. ಯಾಕೆ? ದಾನಿಯ ರಕ್ತದಲ್ಲಿರುವ ಆಂಟಿಬಾಡಿ, ಅಂದರೆ ವೈರಸ್ ವಿರುದ್ಧ ದೇಹ ಮಾಡಿಕೊಂಡ ಅಂಶ, ಮಗುವಿನದು ಅಂತ ಕಾಣಿಸಿ ದಾರಿ ತಪ್ಪಿಸಬಹುದು. ಹಾಗೆಯೇ ಲಸಿಕೆ ಹಾಕಿಸಿದ ಎರಡು ವಾರದೊಳಗೆ ಎಚ್‌ಬಿಎಸ್‌ಎಜಿ ನೋಡಿದರೆ, ಲಸಿಕೆಯದೇ ಅಂಶ ಸಿಕ್ಕಿ ಪಾಸಿಟಿವ್ ಬರಬಹುದು. ಇದರಿಂದ ಮೂರು ದಿನ ಅತ್ತ ಕುಟುಂಬವೊಂದು ನನಗೆ ಗೊತ್ತು.

ಲಸಿಕೆ ವಿಷಯಕ್ಕೆ ಬರೋಣ. ಹುಟ್ಟಿದ 24 ಗಂಟೆಯೊಳಗೆ ಒಂದು, ಆಮೇಲೆ 6, 10, 14 ವಾರಕ್ಕೆ ಐದು ರೋಗಗಳ ಲಸಿಕೆ ಒಟ್ಟಿಗೆ ಇರುವ ಪೆಂಟಾವೇಲೆಂಟ್‌ನಲ್ಲಿ ಸೇರಿ ಮೂರು. ಇದು ಸರ್ಕಾರವೇ ಪುಕ್ಕಟೆ ಹಾಕುವಂಥದ್ದು. ನಮ್ಮ ಕಡೆಯ ತಾಯಂದಿರು ತಾಯಿ ಕಾರ್ಡ್ ಜೋಪಾನವಾಗಿ ಇಟ್ಟುಕೊಂಡಿರುತ್ತಾರೆ, ಸೀರೆಯ ಮಡಿಕೆಯಲ್ಲಿ. ಬಿಚ್ಚಿ ನೋಡಿದರೆ ಆ ಮೊದಲ ಚೌಕ ಖಾಲಿ. ಹೆರಿಗೆ ರಾತ್ರಿ ಆಯಿತು, ಮರುದಿನ ಭಾನುವಾರ, ಹೀಗೆ ಏನೋ ಒಂದು. ಆ ಒಂದು ದಿನ ಯಾಕೆ ಅಷ್ಟು ಮುಖ್ಯ ಅಂದರೆ, ಹುಟ್ಟುವಾಗ ತಾಯಿಯಿಂದ ತಗುಲಿದರೆ 100ರಲ್ಲಿ 90 ಮಕ್ಕಳಲ್ಲಿ ವೈರಸ್ ಬಹುಪಾಲು ಜೀವನಪೂರ್ತಿ ಉಳಿಯುತ್ತದೆ. ದೊಡ್ಡವರಿಗೆ ತಗುಲಿದರೆ ಉಳಿಯುವುದು 100ರಲ್ಲಿ 5ಕ್ಕಿಂತ ಕಡಿಮೆ.

ಚಿಕ್ಕಂದಿನಲ್ಲಿ ಎಲ್ಲ ಲಸಿಕೆ ಆಗಿದೆ ಅಂತ ಕ್ಯಾನ್ಸರ್ ಮಗುವಿನ ವಿಷಯದಲ್ಲಿ ನಿಶ್ಚಿಂತೆ ಬೇಡ. ಕೀಮೋ ಆ ಕಾವಲನ್ನೂ ಅಳಿಸಿಹಾಕಬಹುದು. ಕೀಮೋ ನಡುವೆ ಲಸಿಕೆ ಹಾಕಿದರೆ ಸರಿಯಾಗಿ ಹತ್ತುವುದಿಲ್ಲ. ಕೆಲವು ಕಡೆ ದುಪ್ಪಟ್ಟು ಡೋಸ್ ಹಾಕುತ್ತಾರೆ, ಚಿಕಿತ್ಸೆ ಮುಗಿದ ಮೇಲೆ ಮತ್ತೆ ಅಳೆದು ಮತ್ತೆ ಹಾಕುತ್ತಾರೆ. ಥಲಸ್ಸೀಮಿಯಾ ಮಕ್ಕಳ ಕಥೆ ಬೇರೆ. ಅವರಿಗೆ ಲಸಿಕೆ ಚೆನ್ನಾಗಿಯೇ ಹತ್ತುತ್ತದೆ. ಆದ್ದರಿಂದ ಥಲಸ್ಸೀಮಿಯಾ ಮಗುವಿಗೆ ಲಸಿಕೆ ಆಗಿಲ್ಲ ಅಂದರೆ ನನಗೆ ಸಿಟ್ಟೇ ಬರುತ್ತದೆ. ಮೂರು ವಾರಕ್ಕೊಮ್ಮೆ ಒಂದು ಬ್ಯಾಗ್ ಅಂದರೂ ವರ್ಷಕ್ಕೆ 17. ಹತ್ತು ವರ್ಷಕ್ಕೆ 170 ಜನ ಅಪರಿಚಿತರ ರಕ್ತ. ಹಾಕಿದ ರಕ್ತದಿಂದ ಮೊದಲೇ ಕಬ್ಬಿಣ ಸೇರಿ ಸೊರಗಿದ ಲಿವರ್ ಅದು.

ಈಗ ರಕ್ತದ ಬ್ಯಾಗಿನ ತೂತು. ಸೋಂಕು ತಗುಲಿದ ಮೊದಲ ಕೆಲವು ವಾರ ಎಚ್‌ಬಿಎಸ್‌ಎಜಿ ಪರೀಕ್ಷೆಯಲ್ಲಿ ಏನೂ ಕಾಣುವುದಿಲ್ಲ. ಕೆಲವರಲ್ಲಿ ವರ್ಷಗಟ್ಟಲೆ ವೈರಸ್ ಅಡಗಿದ್ದರೂ ಆ ಪರೀಕ್ಷೆ ನೆಗೆಟಿವ್. ನ್ಯಾಟ್ ಎಂಬ ಪರೀಕ್ಷೆ ವೈರಸ್ಸಿನ ಡಿಎನ್‌ಎ ಹುಡುಕುವುದರಿಂದ ಸ್ವಲ್ಪ ಮೊದಲೇ ಹಿಡಿಯುತ್ತದೆ. ಆದರೆ ಅದು ಎಲ್ಲ ಬ್ಲಡ್ ಬ್ಯಾಂಕಿನಲ್ಲೂ ಇಲ್ಲ, ಅದಕ್ಕೂ ತಪ್ಪಿಸಿಕೊಳ್ಳುವಷ್ಟು ದಿನ ಇದ್ದೇ ಇದೆ. ಉಳಿದದ್ದು ದಾನಿಯ ಬಾಯಿ. ಅಂದರೆ ನಾವು.

ನಮ್ಮ ಸಂಘಗಳ ಬಗ್ಗೆ ಒಂದು ಮಾತು ಹೇಳಿದರೆ ಬೇಜಾರು ಮಾಡಿಕೊಳ್ಳಬೇಡಿ. ರಾಜ್ಯೋತ್ಸವಕ್ಕೆ ರಕ್ತದಾನ ಶಿಬಿರ ಮಾಡುತ್ತೇವೆ. ಸಂತೋಷ. ಆದರೆ ಇಷ್ಟು ಬಾಟಲಿ ಆಗಲೇಬೇಕು ಅಂತ ಹಟ ಯಾಕೆ? ಸ್ಟೀಲ್ ಡಬ್ಬಿ ಉಡುಗೊರೆ ಯಾಕೆ? ಹೋಟೆಲಿನ ಹುಡುಗರನ್ನು ಮಾಲೀಕರು ಸಾಲಾಗಿ ಕಳಿಸುತ್ತಾರೆ. ಫಾರಂನಲ್ಲಿ ಕಾಮಾಲೆ ಆಗಿತ್ತಾ, ಹೊಸದಾಗಿ ಹಚ್ಚೆ ಹಾಕಿಸಿದ್ದೀರಾ ಅಂತ ಕೇಳಿರುತ್ತಾರೆ. ಹೌದು ಅಂದರೆ ವಾಪಸ್ ಕಳಿಸುತ್ತಾರೆ, ಡಬ್ಬಿಯೂ ಇಲ್ಲ, ಮಾಲೀಕರ ಮುಖವೂ ನೋಡಬೇಕು. ಹುಡುಗ ಏನು ಬರೆಯುತ್ತಾನೆ ಹೇಳಿ. ರೋಗಿಯ ನೆಂಟನಾಗಿ ಬಂದವನಿಗೂ ಇದೇ ಮುಜುಗರ. ತಾನಾಗಿ ಬಂದು, ವರ್ಷಕ್ಕೆ ಎರಡು-ಮೂರು ಸಲ ತಪ್ಪದೆ ಕೊಡುವವನ ರಕ್ತ ಎಲ್ಲಕ್ಕಿಂತ ಸುರಕ್ಷಿತ. ಪ್ಲೇಟ್‌ಲೆಟ್ ಅಂದರೆ ರಕ್ತ ಹೆಪ್ಪುಗಟ್ಟಿಸುವ ಕಣ. ಅದನ್ನು ಕೊಡುವವರಿಗೆ ಇನ್ನೂ ದೊಡ್ಡ ನಮಸ್ಕಾರ. ಮೆಷಿನ್ ಮೇಲೆ ಒಬ್ಬರೇ ಕೊಡುವ ಪ್ಲೇಟ್‌ಲೆಟ್ ನಾಲ್ಕಾರು ಜನರ ಬ್ಯಾಗಿಗೆ ಸಮ. ಮಗು ಅಷ್ಟು ಜನರ ರಕ್ತದಿಂದ ತಪ್ಪಿಸಿಕೊಂಡಿತು. ಅದು 5 ದಿನಕ್ಕಿಂತ ಹೆಚ್ಚು ಇಡಲು ಬರುವುದಿಲ್ಲ, ಆದ್ದರಿಂದ ರಾಜ್ಯೋತ್ಸವದ ತನಕ ಕಾಯುವ ಮಾತೇ ಇಲ್ಲ.

ಒಬ್ಬರು ಕೇಳಿದರು, ಊರಲ್ಲಿ ಕಾಮಾಲೆಗೆ ನೆಲನೆಲ್ಲಿ ಕೊಡುತ್ತಾರೆ, ಅದು ಹೇಗೆ ಅಂತ. ಒಳ್ಳೆ ಪ್ರಶ್ನೆ. ನನ್ನ ಅಜ್ಜಿಯೂ ಹಾಲಿನಲ್ಲಿ ಅರೆದು ಕೊಡುತ್ತಿದ್ದಳು. ಮದ್ರಾಸಿನ ಸಂಶೋಧಕರು 1988ರಲ್ಲಿ, ನೆಲನೆಲ್ಲಿ ಕೊಟ್ಟವರಲ್ಲಿ ಹಲವರ ರಕ್ತದಿಂದ ವೈರಸ್ಸಿನ ಗುರುತು ಮಾಯವಾಯಿತು ಅಂತ ದೊಡ್ಡ ಪತ್ರಿಕೆಯಲ್ಲಿ ಬರೆದಿದ್ದರು. ಆ ಲೇಖಕರಲ್ಲಿ ಬ್ಲಂಬರ್ಗ್ ಕೂಡ ಇದ್ದರು! ಆಮೇಲೆ ಬೇರೆ ಕಡೆ ಮಾಡಿ ನೋಡಿದಾಗ ಅದೇ ಫಲ ಸಿಗಲಿಲ್ಲ. ಸಾಮಾನ್ಯ ಕಾಮಾಲೆ ಎಷ್ಟೋ ಸಲ ತಾನಾಗಿಯೇ ಇಳಿಯುತ್ತದೆ, ಹೆಸರು ಸೊಪ್ಪಿಗೆ ಹೋಗುತ್ತದೆ. ಕೀಮೋ ಮಗುವಿಗೆ ಡಾಕ್ಟರಿಗೆ ಹೇಳದೆ ಯಾವ ಸೊಪ್ಪೂ ಬೇಡ. ಇನ್ನು ತೋಳಿಗೆ ಬರೆ ಹಾಕುವುದು, ಅದರ ಬಗ್ಗೆ ನಾನು ಮಾತಾಡುವುದೂ ಇಲ್ಲ. ಪ್ಲೇಟ್‌ಲೆಟ್ ಇಲ್ಲದ ಮಗುವಿಗೆ ಬರೆ!

ಇನ್ನೊಬ್ಬರ ಪ್ರಶ್ನೆ, ಪಾಸಿಟಿವ್ ಮಗುವನ್ನು ಮನೆಯಲ್ಲಿ ಇಟ್ಟುಕೊಂಡರೆ ನಮಗೂ ಬರುತ್ತದಾ. ಒಂದು ಕಡೆ ತಂಗಿದ್ದ ಕುಟುಂಬಕ್ಕೆ ತಟ್ಟೆ, ಲೋಟ ಬೇರೆ ಮಾಡಿಸಿ, ಕೊನೆಗೆ ರೂಮನ್ನೇ ಬಿಡಿಸಿದ್ದರು. ಜೊತೆಗೆ ಉಂಡರೆ, ಎತ್ತಿ ಮುದ್ದು ಮಾಡಿದರೆ, ಕೆಮ್ಮಿದರೆ ಇದು ಬರುವುದಿಲ್ಲ. ಟೂತ್‌ಬ್ರಶ್, ಬ್ಲೇಡು, ನೇಲ್ ಕಟರ್ ಬೇರೆ ಇರಲಿ. ಮನೆಯವರೆಲ್ಲ ಪರೀಕ್ಷೆ ಮಾಡಿಸಿ, ನೆಗೆಟಿವ್ ಇದ್ದರೆ 0, 1, 6 ತಿಂಗಳಿಗೆ ಲಸಿಕೆ ಹಾಕಿಸಿಕೊಂಡರೆ ಆಯಿತು. 2018ರ ಜುಲೈ 28ರಿಂದ ರಾಷ್ಟ್ರೀಯ ಕಾರ್ಯಕ್ರಮ ಒಂದಿದೆ. ಪರೀಕ್ಷೆ, ಔಷಧಿ ಸರ್ಕಾರಿ ಕೇಂದ್ರಗಳಲ್ಲಿ ಪುಕ್ಕಟೆ.

ಸಭೆ ಮುಗಿದು ಎಲ್ಲರೂ ಕಾಫಿಗೆ ಎದ್ದರು. ಕೊಪ್ಪಳ ಕಡೆಯ ಒಬ್ಬ ತಾಯಿ ಹಿಂದೆ ಕೂತಿದ್ದಳು, ಯಾರೋ ಕರೆದುಕೊಂಡು ಬಂದಿದ್ದರು. ನನ್ನ ಹತ್ತಿರ ಬಂದು, "ಅಕ್ಕಾರ, ಸೂಜಿ ಹೊಸಾದೇನ್ರೀ ಅಂತ ಕೇಳ್ಬೇಕಂದ್ರ ನನಗ ಭಾಷಾ ಬರೂದಿಲ್ರೀ" ಅಂದಳು. ನಾನು ಅವಳ ಫೈಲಿನ ಹಿಂದೆ ಮರಾಠಿ ಮಾತನ್ನು ಕನ್ನಡ ಅಕ್ಷರದಲ್ಲೇ ಬರೆದುಕೊಟ್ಟೆ: "ಸಿಸ್ಟರ್, ಸಿರಿಂಜ್ ನವೀನ್ ಆಹೆ ನಾ?" ಅವಳು ಬೆರಳಿಟ್ಟು ಓದಿದಳು. ಎರಡನೇ ಸಲ ಜೋರಾಗಿ ಓದಿದಳು. ಸಿಸ್ಟರ್ ಸಿಟ್ಟು ಮಾಡಿದರೆ ಅಂದಳು. ಮಾಡಲಿ, ನಾನೂ ಒಂದು ಕಾಲದಲ್ಲಿ ಮಾಡುತ್ತಿದ್ದೆ ಅಂದೆ.